ಟೂನ್ ಸರೋವರದ ಮದ್ದಿನ ಮನೆಗಳು

ಬರ್ನ್‌ನಿಂದ ಇಂಟರ್‌ಲಾಕೆನ್‌ಗೆ ಹೊರಟ ನಮ್ಮ ಜನ ರೈಲಿನಲ್ಲಿ ಎಡಗಡೆ ಕಿಟಕಿ ಹಿಡಿಯುತ್ತಾರೆ. ಸರಿಯಾದ ಕೆಲಸವೇ. ಟೂನ್ ಪೇಟೆ ದಾಟಿದ್ದೇ ತಡ, ಸರೋವರ ಎಡಕ್ಕೆ ತೆರೆದುಕೊಳ್ಳುತ್ತದೆ. ಆಚೆ ದಡದಲ್ಲಿ ಓಬರ್‌ಹೋಫೆನ್ ಕೋಟೆ, ಸ್ವಲ್ಪ ಮುಂದೆ ಈಚೆ ದಡದಲ್ಲಿ ಶ್ಪೀಟ್ಸ್ ಕೋಟೆ, ಅದರ ಮಗ್ಗುಲಲ್ಲಿ ದ್ರಾಕ್ಷಿ ತೋಟ. ಫೋಟೊ ತೆಗೆದು ಮುಗಿಸುವಷ್ಟರಲ್ಲಿ ಇಂಟರ್‌ಲಾಕೆನ್ ಬಂದಿರುತ್ತದೆ. ಅಲ್ಲಿ ಯಶ್ ಚೋಪ್ರಾ ಪ್ರತಿಮೆಯ ಪಕ್ಕ ನಿಂತು ಇನ್ನೊಂದು ಫೋಟೊ, ಆಮೇಲೆ ಯುಂಗ್‌ಫ್ರೌಗೆ ಟಿಕೆಟ್. ನಡುವೆ ಫೌಲೆನ್‌ಸೇ ಎಂಬ ಹಳ್ಳಿಯ ಹುಲ್ಲುಗಾವಲಿನಲ್ಲಿ ಕೊಟ್ಟಿಗೆಯಂಥ ಕಟ್ಟಡಗಳು ಹಾದುಹೋದದ್ದನ್ನು ಯಾರೂ ಗಮನಿಸುವುದಿಲ್ಲ. ಯಾರೂ ಗಮನಿಸಬಾರದೆಂದೇ ಅವನ್ನು ಕಟ್ಟಿದ್ದು.

ಮಗಳು ಬರ್ನ್‌ನಲ್ಲಿ ಕೆಲಸದಲ್ಲಿದ್ದಾಳೆ. ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿ ಹೋಗಿ ಕೂರುತ್ತೇವೆ. ನಾನು ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತನಾದವನು, ಹುಟ್ಟೂರು ಚಿತ್ರದುರ್ಗ. ಕೋಟೆ ಕಂಡರೆ ಹತ್ತುವುದು, ಹೊಳೆ ಕಂಡರೆ ಅದರ ಪಾತ್ರ ಎಲ್ಲಿಂದ ಎಲ್ಲಿಗೆ ಎಂದು ನೋಡುವುದು, ಎರಡೂ ಬಿಡದ ಚಟ. ಟೂನ್ ಸರೋವರ ಎರಡಕ್ಕೂ ಒದಗಿತು. 48 ಚದರ ಕಿಲೋಮೀಟರ್ ನೀರು, ಆಳ ಹೆಚ್ಚೆಂದರೆ 217 ಮೀಟರ್. ಆರೆ ನದಿ ಮೇಲಿನ ಬ್ರಿಯೆನ್ಸ್ ಸರೋವರದಿಂದ ಬಂದು ಇದನ್ನು ಹೊಕ್ಕು ಟೂನ್‌ನಲ್ಲಿ ಹೊರಬೀಳುತ್ತದೆ. ಇದರ ಸುತ್ತ ಎಂಟುನೂರು ವರ್ಷಗಳಿಂದ ಕೋಟೆ, ಬುರುಜು, ಸುರಂಗ ಕಟ್ಟುತ್ತಲೇ ಬಂದಿದ್ದಾರೆ. ದೂರದ ದೊರೆಗಳ ದಂಡು ಇವುಗಳಿಗೆ ಮಾಡಿದ್ದು ಅತ್ಯಲ್ಪ. 1798ರಲ್ಲಿ ಫ್ರೆಂಚರು ಬರ್ನ್ ರಾಜ್ಯವನ್ನು ಮಣಿಸಿದ್ದು ಗ್ರೌಹೋಲ್ಟ್ಸ್ ಎಂಬಲ್ಲಿ. ಸರೋವರದ ಕೋಟೆಗಳಿಗೆ ಮುತ್ತಿಗೆ ಹಾಕುವ ಪ್ರಮೇಯವೇ ಬರಲಿಲ್ಲ. ಇಲ್ಲಿ ರಕ್ತ ಹರಿದದ್ದು, ಮನೆ ಬಿದ್ದದ್ದು ಬಹುಪಾಲು ಒಳಗಿನವರಿಂದ, ಪಕ್ಕದವರಿಂದ, ತಾವೇ ಕೂಡಿಟ್ಟ ಮದ್ದಿನಿಂದ.

ಮೊದಲು ಟೂನ್ ಕೋಟೆ. ಕಟ್ಟಿಸಿದವನು ಟ್ಸೇರಿಂಗೆನ್ ಮನೆತನದ ಐದನೆಯ ಬೆರ್ಟೋಲ್ಡ್, 12ನೇ ಶತಮಾನದ ಕೊನೆಯಲ್ಲಿ. 1191ರಲ್ಲಿ ಬರ್ನ್ ನಗರಕ್ಕೆ ಬುನಾದಿ ಹಾಕಿದವನೂ ಇವನೇ. ಹೊಳೆ ಸರೋವರ ಬಿಟ್ಟು ಹೊರಡುವ ಬಾಯಲ್ಲಿ, ಪೇಟೆಯ ನೆತ್ತಿಯ ಮೇಲೆ, ಚೌಕದ ದಪ್ಪ ಗೋಪುರ, ನಾಲ್ಕು ಮೂಲೆಗೆ ನಾಲ್ಕು ಬುರುಜು. ಪೇಟೆ ಬೀದಿಯಿಂದ ಮೇಲಕ್ಕೆ ಮರದ ಮಾಡು ಹೊದ್ದ ಮೆಟ್ಟಿಲ ಸಾಲು ಹೋಗುತ್ತದೆ; ಮಳೆಯಲ್ಲೂ ನೆನೆಯದೆ ಹತ್ತಬಹುದು. ಈಚೆಗೆ ಈ ಗುಡ್ಡದ ಹೊಟ್ಟೆಯನ್ನೇ ಕೊರೆದು ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಮೇಲೆ ಕೋಟೆ, ಕೆಳಗೆ ಕಾರು. ಕಲ್ಲು ಕೊರೆಯುವುದೆಂದರೆ ಈ ದೇಶದವರಿಗೆ ಒಂದು ಚಪಲ, ಆ ಮಾತು ಮುಂದೆ ಬರುತ್ತದೆ.

ಗೋಪುರದ ಒಳಗೆ ನೋಡಬೇಕಾದದ್ದು ಮೇಲಂತಸ್ತಿನ ದರ್ಬಾರು ಹಜಾರ. ಕಂಬವಿಲ್ಲದ ಎತ್ತರದ ಹಜಾರ, ಒಂದು ಗೋಡೆಗೆ ದೊಡ್ಡ ಅಗ್ಗಿಷ್ಟಿಕೆ. ಯುದ್ಧಕ್ಕೆಂದು ಕಟ್ಟಿದವನು ಗೋಪುರದ ಹೊಟ್ಟೆಯನ್ನು ಇಷ್ಟು ಖಾಲಿ ಬಿಡುವುದಿಲ್ಲ. ಇದು ಬಂದ ಪಾಳೆಯಗಾರರನ್ನು ಕೂರಿಸಿ ತನ್ನ ದೊಡ್ಡಸ್ತಿಕೆ ತೋರಿಸಲು ಮಾಡಿದ ಹಜಾರ ಎಂದೇ ನನ್ನ ಅಭಿಪ್ರಾಯ. ದೊಡ್ಡಸ್ತಿಕೆ ಬಹಳ ಕಾಲ ನಿಲ್ಲಲಿಲ್ಲ. 1218ರಲ್ಲಿ ಬೆರ್ಟೋಲ್ಡ್ ಸತ್ತ. ಅವನ ನಂತರ ಗಂಡು ಸಂತಾನವಿಲ್ಲದೆ ವಂಶವೇ ಮುಗಿಯಿತು, ಕೋಟೆ ಕೀಬುರ್ಗ್ ಕೌಂಟರ ಪಾಲಾಯಿತು.

ನೂರು ವರ್ಷದ ನಂತರ ಆ ಮನೆತನದಲ್ಲಿ ಇಬ್ಬರು ಅಣ್ಣತಮ್ಮಂದಿರು. ಹಾರ್ಟ್‌ಮನ್ ಆಳುವವನು. ಎಬರ್‌ಹಾರ್ಡ್‌ನನ್ನು ಚರ್ಚಿನ ಸೇವೆಗೆ ಎಂದು ಮೊದಲೇ ಎತ್ತಿಟ್ಟಿದ್ದರು; ಅವನು ಇಟಲಿಯ ಬೊಲೋನ್ಯದಲ್ಲಿ ಓದಿ ಬಂದವನು. ಆಸ್ತಿ ಒಡೆದು ಹೋಗದಿರಲಿ ಎಂದು ಎರಡನೆಯವನನ್ನು ಪಾದ್ರಿ ಮಾಡುವುದು ಆ ಕಾಲದ ಯುರೋಪಿನ ದೊಡ್ಡ ಮನೆಗಳ ಪದ್ಧತಿ. ಎಬರ್‌ಹಾರ್ಡ್ ಒಪ್ಪಲಿಲ್ಲ, ಪಾಲು ಕೇಳಿದ. ಮಾತುಕತೆ ನಡೆಯಿತು, ರಾಜಿಯಾಯಿತು, ಮತ್ತೆ ಕೆಟ್ಟಿತು. 1322ರಲ್ಲಿ ಟೂನ್ ಕೋಟೆಯಲ್ಲೇ ಅಣ್ಣತಮ್ಮಂದಿರ ಕಡೆಯವರಿಗೆ ಕೈಕೈ ಹತ್ತಿ ಹಾರ್ಟ್‌ಮನ್ ಕೊಲೆಯಾಗಿ ಹೋದ.

ಇಲ್ಲಿಂದ ಮುಂದಿನದು ಕೊಲೆಗಿಂತ ಸ್ವಾರಸ್ಯ. ಅಣ್ಣನ ರಕ್ತ ಕೈಗೆ ಅಂಟಿಸಿಕೊಂಡ ಎಬರ್‌ಹಾರ್ಡ್‌ಗೆ ಆಸರೆ ಬೇಕಿತ್ತು. ಬರ್ನ್ ನಗರ ಆಸರೆ ಕೊಟ್ಟಿತು, ಪುಕ್ಕಟೆಯಾಗಿ ಅಲ್ಲ. 1323ರಲ್ಲಿ ಟೂನ್ ಅನ್ನು ಬರ್ನ್‌ಗೆ ಮಾರಿದ. ಬರ್ನ್ ಅದನ್ನೇ ತಿರುಗಿ ಅವನಿಗೆ ಉಂಬಳಿಯಾಗಿ ಕೊಟ್ಟಿತು. ಮಾಲೀಕನಾಗಿದ್ದವನು ತನ್ನ ಮನೆಯಲ್ಲೇ ಗೇಣಿದಾರನಾದ. 1384ರಲ್ಲಿ ಬರ್ನ್ ಉಳಿದದ್ದನ್ನೂ ಕೊಂಡು ತನ್ನ ಅಧಿಕಾರಿಯನ್ನು ಕೋಟೆಯಲ್ಲಿ ಕೂರಿಸಿತು. ಈ ಪ್ರದೇಶದ ಅತಿ ದೊಡ್ಡ ಕೋಟೆ ಕೈ ಬದಲಾದದ್ದು ಹೀಗೆ: ಒಂದು ದಾಯಾದಿ ಜಗಳ, ಎರಡು ಕ್ರಯಪತ್ರ. ಹೆಂಡತಿ ಈ ಕಥೆ ಕೇಳಿ, "ಅಲ್ರೀ, ನಮ್ಮ ಊರಿನ ತೋಟದ ಕೇಸೂ ಹೀಗೇ ಅಲ್ಲವೇ, ಕೊನೆಗೆ ತಿಂದವನು ಸಾಲ ಕೊಟ್ಟವನು" ಎಂದಳು. ನಾನು ಕೊಲೆ ಆಗಿಲ್ಲವಲ್ಲ ಎಂದು ಸಮಾಧಾನ ಹೇಳಿದೆ.

ಓಬರ್‌ಹೋಫೆನ್‌ನದೂ ಇಂಥದೇ ನಂಟು. ಅದನ್ನು ಹಾಬ್ಸ್‌ಬುರ್ಗರಿಗೆ ಮಾರಿ ಕೈತೊಳೆದುಕೊಂಡವನು ವಾಲ್ಟರ್ ಫಾನ್ ಎಶೆನ್‌ಬಾಖ್. ಎರಡು ವರ್ಷ ಕಳೆದು, 1308ರ ಮೇ 1ರಂದು, ಹಾಬ್ಸ್‌ಬುರ್ಗರ ದೊರೆ ಆಲ್‌ಬ್ರೆಖ್ಟ್‌ನನ್ನು ಅವನ ಸ್ವಂತ ತಮ್ಮನ ಮಗನೇ ಕೊಂದಾಗ ಜೊತೆಗಿದ್ದವರಲ್ಲಿ ಈ ವಾಲ್ಟರ್ ಒಬ್ಬ. ಕಾರಣ ಕೇಳಬೇಕಿಲ್ಲ: ದೊಡ್ಡಪ್ಪ ಪಿತ್ರಾರ್ಜಿತದ ಪಾಲು ಕೊಟ್ಟಿರಲಿಲ್ಲ. 1386ರಲ್ಲಿ ಸೆಂಪಾಖ್ ಯುದ್ಧದಲ್ಲಿ ಹಾಬ್ಸ್‌ಬುರ್ಗರು ಸೋತ ಮೇಲೆ ಓಬರ್‌ಹೋಫೆನ್ ಕೂಡ ಬರ್ನ್ ಕಡೆಗೆ ಬಂತು. ಇವತ್ತು ಪ್ರವಾಸಿಗರು ಮೆಚ್ಚುವ, ನೀರಿನಲ್ಲೇ ನಿಂತ ಪುಟ್ಟ ಬುರುಜು ಆ ಕಾಲದ್ದಲ್ಲ. ಅದು 19ನೇ ಶತಮಾನದ ಶೋಕಿ. ಪ್ರಷ್ಯದ ನಂಟಿದ್ದ ಪೂರ್ತಾಲೇಸ್ ಎಂಬ ಶ್ರೀಮಂತ ಕುಟುಂಬ ಕೋಟೆ ಕೊಂಡು ಬೇಸಿಗೆ ಬಂಗಲೆ ಮಾಡಿತು. ಹಳೆಯ ಗೋಪುರದ ತುದಿಯಲ್ಲಿ ತುರ್ಕಿ ಶೈಲಿಯ ಹುಕ್ಕಾ ಕೋಣೆ ಮಾಡಿಸಿತು. ಹಗೆಯನ್ನು ನೋಡಲು ಕಟ್ಟಿದ ಕಿಟಕಿಯಲ್ಲಿ ದಿಂಬಿಗೆ ಒರಗಿ ಹೊಗೆ ಬಿಡಬಹುದು. ಶಾಡೌ, ಹ್ಯೂನೆಗ್ ಎಂಬ ಇನ್ನೆರಡು 'ಕೋಟೆ'ಗಳು ಪೂರ್ತಿ ಈ ಶೋಕಿಯ ಕಾಲದವು, ಒಂದು ಬ್ಯಾಂಕರ್‌ನದು, ಇನ್ನೊಂದು ಪ್ರಷ್ಯದ ಸರದಾರನದು. ಅವುಗಳ ತೋಟ ಚೆನ್ನಾಗಿದೆ. ಅಷ್ಟೇ.

ಶ್ಪೀಟ್ಸ್‌ನ ಕೋಟೆಗೆ ಮಾತ್ರ ನಿಜವಾದ ಯುದ್ಧವೀರನೊಬ್ಬ ಇದ್ದಾನೆ. ಅವನು ಹೋರಾಡಿದ್ದು ಇಲ್ಲಲ್ಲ. 1338ರಿಂದ ಈ ಕೋಟೆ ಬರ್ನ್‌ನ ಬುಬೆನ್‌ಬೆರ್ಗ್ ಮನೆತನದ ಕೈಯಲ್ಲಿತ್ತು. ಆಡ್ರಿಯಾನ್ ಫಾನ್ ಬುಬೆನ್‌ಬೆರ್ಗ್ 1470ರ ದಶಕದಲ್ಲಿ ಬರ್ಗಂಡಿಯ ದೊರೆ ಚಾರ್ಲ್ಸ್‌ನೊಂದಿಗೆ ಯುದ್ಧ ಬೇಡವೆಂದ. ಬರ್ನ್‌ನ ಮಂತ್ರಿಮಂಡಲ ಅವನನ್ನು ಹೊರಗಟ್ಟಿತು, ಅವನು ಶ್ಪೀಟ್ಸ್‌ಗೆ ಬಂದು ಕೂತ. ಬೇಡವೆಂದ ಯುದ್ಧ ಬಂದಾಗ ಅದೇ ಬರ್ನ್ ಅವನನ್ನೇ ಕರೆದು ಮುರ್ಟೆನ್ ಪಟ್ಟಣ ಕಾಯಲು ಕಳಿಸಿತು. 1476ರ ಜೂನ್‌ನಲ್ಲಿ ಎರಡು ವಾರ ಸಣ್ಣ ಪಡೆಯಿಟ್ಟುಕೊಂಡು ಆತ ಚಾರ್ಲ್ಸ್‌ನ ಫಿರಂಗಿಗಳನ್ನು ತಡೆದ. 22ರಂದು ನೆರವಿನ ಸೇನೆ ಬಂದು ಬರ್ಗಂಡಿಯವರನ್ನು ಅಲ್ಲಿನ ಸರೋವರಕ್ಕೆ ದಬ್ಬಿತು. ಶ್ಪೀಟ್ಸ್ ಆಮೇಲೆ 1516ರಿಂದ 1875ರ ತನಕ ಎರ್ಲಾಖ್ ಮನೆತನದ ಸ್ವತ್ತಾಗಿತ್ತು.

ಇನ್ನು ನಾನು ಹೆಚ್ಚು ಹೊತ್ತು ಕಳೆದ ಜಾಗಕ್ಕೆ ಬರುತ್ತೇನೆ. ಟೂನ್ ಮತ್ತು ಶ್ಪೀಟ್ಸ್ ನಡುವೆ, ಸರೋವರಕ್ಕೆ ಒಡ್ಡು ಹಾಕಿದಂತೆ, ಒಂದು ಉದ್ದನೆಯ ದಿಬ್ಬ. ಹಿಮನದಿ ತಳ್ಳಿ ಗುಡ್ಡೆ ಹಾಕಿದ ಜಲ್ಲಿ, ಮಣ್ಣು. ಅದರ ಮೇಲೆ ಶ್ಟ್ರೆಟ್ಲಿಗೆನ್ ಎಂಬ ಒಂಟಿ ಗೋಪುರ. ಅಲ್ಲಿನ ಕೋಟೆಯನ್ನು 14ನೇ ಶತಮಾನದಲ್ಲಿ ಬರ್ನ್‌ನವರೇ ಹಾಳುಮಾಡಿದರು. ಉಳಿದ ಗೋಪುರವನ್ನು ಮುಂದೆ ಅವರೇ ಮದ್ದಿನ ಮನೆ ಮಾಡಿಕೊಂಡರು. ಗೋಪುರ ಸಾಧಾರಣ. ಅದರ ಬುಡದಲ್ಲಿ ಹರಿಯುವ ಕಾಂಡರ್ ಹೊಳೆಯನ್ನು ನೋಡಬೇಕು.

ಹೊಳೆ ಹರಿಯಬೇಕಾದ ಜಾಗವೇ ಅಲ್ಲ ಅದು. ಕಾಂಡರ್ ದಕ್ಷಿಣದ ಹಿಮಪರ್ವತಗಳಿಂದ ಇಳಿದು ದಿಬ್ಬದ ಹಿಂಬದಿಗೆ ಬಂದು, ಸರೋವರಕ್ಕೆ ಬೆನ್ನು ಮಾಡಿ, ಪಶ್ಚಿಮದ ಬಯಲು ಸುತ್ತಿಕೊಂಡು ಟೂನ್ ಕೆಳಗೆ ಆರೆ ನದಿಗೆ ಸೇರುತ್ತಿತ್ತು. ಬರುವಾಗ ಬೆಟ್ಟದ ಜಲ್ಲಿಯನ್ನೆಲ್ಲ ಹೊತ್ತು ತಂದು ಆರೆ ನದಿಯ ಪಾತ್ರದಲ್ಲಿ ಸುರಿಯುತ್ತಿತ್ತು. ಪಾತ್ರ ಕಟ್ಟಿಕೊಂಡು ಬಯಲೆಲ್ಲ ನೆರೆ. ಹಳ್ಳಿಯವರು ಬರ್ನ್ ಸರ್ಕಾರಕ್ಕೆ ಮೊರೆಯಿಟ್ಟರು. ಪರಿಹಾರ ಕಾಗದದ ಮೇಲೆ ಸುಲಭವಿತ್ತು: ದಿಬ್ಬ ಕತ್ತರಿಸಿ ಹೊಳೆಯನ್ನು ನೇರ ಸರೋವರಕ್ಕೆ ಬಿಟ್ಟರೆ ಜಲ್ಲಿ ಅಲ್ಲೇ ತಳ ಸೇರುತ್ತದೆ, ತಿಳಿನೀರು ಮಾತ್ರ ಮುಂದೆ ಹೋಗುತ್ತದೆ. ಫಿರಂಗಿದಳದ ಸರ್ವೇದಾರ ಸಾಮುಯೆಲ್ ಬೋಡ್ಮರ್ ನಕ್ಷೆ ಮಾಡಿದ. 1711ರಲ್ಲಿ ಕೆಲಸ ಹಿಡಿದರು. ದಿಬ್ಬವನ್ನು ಮೇಲಿನಿಂದ ಕತ್ತರಿಸುತ್ತ ಬಂದವರು ಯುದ್ಧದ ಗಲಾಟೆಯಲ್ಲಿ ನಡುವೆ ನಿಲ್ಲಿಸಿ, ಆಮೇಲೆ ಬೇಗ ಮುಗಿಯಲಿ ಎಂದು ಸುರಂಗ ತೋಡಿದರು. ಆ ಯುದ್ಧವೂ ಸ್ವಿಸ್ ಪ್ರಾಂತಗಳು ತಮ್ಮತಮ್ಮಲ್ಲೇ ಮಾಡಿಕೊಂಡದ್ದು, 1712ರಲ್ಲಿ.

ಜಲ್ಲಿ ಗುಡ್ಡದಲ್ಲಿ ಸುರಂಗ ತೋಡಿ, ಅದಕ್ಕೆ ಬೆಟ್ಟದ ಹೊಳೆ ಬಿಟ್ಟರೆ ಏನಾಗುತ್ತದೆ ಎಂದು ಡಿಪ್ಲೊಮಾ ಓದುವ ಹುಡುಗನೂ ಹೇಳಿಯಾನು. ಹೊಳೆಯ ಹಳೆಯ ಪಾತ್ರ ಎತ್ತರದಲ್ಲಿ, ಸರೋವರ ತಗ್ಗಿನಲ್ಲಿ, ನಡುವಿನ ದೂರ ಅತಿ ಕಡಿಮೆ. ಅಷ್ಟು ಇಳಿಜಾರಿಗೆ ನೀರು ತಳ ಕಿತ್ತುಕೊಂಡೇ ಹೋಗುತ್ತದೆ. 1714ರಲ್ಲಿ ಸುರಂಗ ಕುಸಿಯಿತು, ಹೊಳೆ ತನ್ನ ದಾರಿಯನ್ನು ತಾನೇ ಕಮರಿ ಮಾಡಿಕೊಂಡಿತು, ಪಾತ್ರ ಹತ್ತಾರು ಮೀಟರ್ ಕೆಳಗಿಳಿಯಿತು. ಹಳೆಯ ಪಾತ್ರಕ್ಕೆ ಹನಿ ನೀರೂ ಹೋಗಲಿಲ್ಲ. ಬಯಲಿನವರು ಬದುಕಿದರು. ಸರೋವರಕ್ಕೆ ಮಾತ್ರ ಇಡೀ ಒಂದು ಕಣಿವೆಯ ನೀರು ಹೆಚ್ಚಾಗಿ ಬಂತು, ಆಚೆ ಕೋಡಿಯ ಅಗಲ ಅಷ್ಟೇ ಉಳಿಯಿತು. ಟೂನ್ ಪೇಟೆ ಮುಳುಗತೊಡಗಿತು. ಒಳಹರಿವು ಹೆಚ್ಚಿಸುವ ಮುನ್ನ ಹೊರಹರಿವು ನೋಡು ಎಂಬುದು ನಮ್ಮ ಕೆರೆ ಕಟ್ಟಿದ ಮುದುಕರಿಗೂ ಗೊತ್ತಿದ್ದ ಪಾಠ. ಬರ್ನ್‌ನ ಸಾಹೇಬರು ಅದನ್ನು ಟೂನ್‌ನವರ ನೆಲಮಾಳಿಗೆಗಳಲ್ಲಿ ಕಲಿತರು. ಆಮೇಲೆ ಹೊರಬಾಯಿ ಅಗಲಿಸಿ, ಹಲಗೆ ಎತ್ತಿಳಿಸುವ ತೂಬುಗಳನ್ನು ಕಟ್ಟಿದರು. ಮರದ ಮಾಡಿನ ಆ ತೂಬುಸೇತುವೆಗಳು ಇವತ್ತೂ ಇವೆ. ಅವುಗಳ ಕೆಳಗೆ ಏಳುವ ಅಲೆಯ ಮೇಲೆ ಹುಡುಗರು ಹಲಗೆ ಹಾಕಿ ನಿಲ್ಲುತ್ತಾರೆ.

ಹೊಳೆ ಬಿಟ್ಟುಕೊಟ್ಟ ಬಯಲಿಗೂ ಒಂದು ಕಥೆ ಇದೆ. ಟೂನ್‌ನ ಪಶ್ಚಿಮದ ಆಲ್‌ಮೆಂಡ್ ಎಂಬ ಆ ಜಲ್ಲಿನೆಲ ಕವಾಯತಿಗೆ ಹೇಳಿ ಮಾಡಿಸಿದಂತಿತ್ತು. 1819ರಲ್ಲಿ ಟೂನ್‌ನಲ್ಲಿ ಸ್ವಿಸ್ ಒಕ್ಕೂಟದ ಮೊದಲ ಸೈನಿಕ ಶಾಲೆ ತೆರೆಯಿತು. ಅದನ್ನು ಕಟ್ಟಿದವರಲ್ಲೊಬ್ಬ ಜಿನೀವಾದ ಎಂಜಿನಿಯರ್ ಗಿಯೋಮ್ ಆಂರಿ ದ್ಯುಫೂರ್. ನನ್ನ ವೃತ್ತಿಯವನೆಂದು ಹೇಳುತ್ತಿಲ್ಲ, ಈ ದೇಶದ ಸೇನಾನಿಗಳಲ್ಲಿ ನನಗೆ ಮೆಚ್ಚುಗೆಯಾದವನು ಇವನೊಬ್ಬನೇ. ಸೇತುವೆ ಕಟ್ಟಿದ, ದೇಶದ ಮೊದಲ ನಿಖರ ಭೂಪಟ ಮಾಡಿಸಿದ, 1863ರಲ್ಲಿ ರೆಡ್ ಕ್ರಾಸ್ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷನಾದ. 1830ರಲ್ಲಿ ಅವನ ಕೈಕೆಳಗೆ ಟೂನ್‌ನಲ್ಲಿ ಫಿರಂಗಿ ವಿದ್ಯೆ ಕಲಿಯಲು ಬಂದ ಒಬ್ಬ ಶಿಷ್ಯ ಲೂಯಿ ನೆಪೋಲಿಯನ್, ದೊಡ್ಡ ನೆಪೋಲಿಯನ್‌ನ ತಮ್ಮನ ಮಗ. 1838ರಲ್ಲಿ ಅವನನ್ನು ಹೊರಹಾಕಿ ಎಂದು ಫ್ರಾನ್ಸ್ ಗಡಿಗೆ ಸೈನ್ಯ ತಂದಿತು. ಹುಡುಗ ತಾನೇ ಇಂಗ್ಲೆಂಡಿಗೆ ಹೋಗಿ ಕಂಟಕ ತಪ್ಪಿಸಿದ. ಹದಿನಾಲ್ಕು ವರ್ಷದ ಮೇಲೆ ಅದೇ ಫ್ರಾನ್ಸಿಗೆ ಮೂರನೆಯ ನೆಪೋಲಿಯನ್ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದ.

ದ್ಯುಫೂರ್ ಜನರಲ್ ಆಗಿ ನಡೆಸಿದ ಯುದ್ಧ ಒಂದೇ. 1847ರ ನವೆಂಬರ್‌ನಲ್ಲಿ ಏಳು ಕ್ಯಾಥೊಲಿಕ್ ಪ್ರಾಂತಗಳು ಬೇರೆ ಕೂಟ ಕಟ್ಟಿಕೊಂಡಾಗ ಒಕ್ಕೂಟದ ಪರವಾಗಿ ಅವರನ್ನು ಮಣಿಸಿದ್ದು. ಒಂದು ತಿಂಗಳೊಳಗೆ ಮುಗಿಯಿತು, ಎರಡೂ ಕಡೆ ಸೇರಿ ಸತ್ತವರು ನೂರರ ಆಸುಪಾಸು. ಗಾಯಾಳುಗಳನ್ನು, ಸೆರೆಸಿಕ್ಕವರನ್ನು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ್ದ. ಸ್ವಿಟ್ಜರ್‌ಲೆಂಡ್ ಆಮೇಲೆ ಯುದ್ಧ ಮಾಡಿಲ್ಲ. ಎಂದಮೇಲೆ ಸೈನ್ಯ ಸಣ್ಣದಾಯಿತೆಂದು ತಿಳಿಯಬೇಡಿ. ಟೂನ್‌ನಲ್ಲಿ ಬ್ಯಾರಕ್ಕು, ಫಿರಂಗಿ ಕಾರ್ಖಾನೆ, ಮದ್ದುಗುಂಡಿನ ಕಾರ್ಖಾನೆ ಒಂದರ ಹಿಂದೊಂದು ಬಂದವು. ಆಲ್‌ಮೆಂಡ್‌ನಲ್ಲಿ ಈಗಲೂ ಟ್ಯಾಂಕ್ ಓಡುತ್ತವೆ.

ಈಗ ಆ ಕೊಟ್ಟಿಗೆಗಳು. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಬಿದ್ದು ಸ್ವಿಟ್ಜರ್‌ಲೆಂಡ್ ಸುತ್ತ ಎಲ್ಲೆಲ್ಲೂ ಹಿಟ್ಲರ್, ಮುಸೊಲಿನಿ. ಜುಲೈ 25ರಂದು ಜನರಲ್ ಆಂರಿ ಗೀಸಾನ್ ತನ್ನ ಮೇಲಧಿಕಾರಿಗಳನ್ನೆಲ್ಲ ರ್‍ಯುಟ್ಲಿ ಎಂಬ ಹುಲ್ಲುಗಾವಲಿಗೆ ಕರೆಸಿ ಹೊಸ ಯೋಜನೆ ಹೇಳಿದ: ಬಯಲು ಸೀಮೆಯನ್ನು ಕೊನೆಯವರೆಗೆ ಕಾಯಲು ಆಗದು, ಸೈನ್ಯ ಆಲ್ಪ್ಸ್ ಒಳಗೆ ಸೇರಿಕೊಂಡು ಅಲ್ಲಿಂದ ಹೋರಾಡುವುದು. ಸಾರ್ಗಾನ್ಸ್, ಗೊಟ್‌ಹಾರ್ಡ್, ಸೇಂಟ್ ಮೊರೀಸ್ ಈ ಬೆಟ್ಟದ ಕೋಟೆಯ ಮೂರು ಕಂಬ. ಟೂನ್ ಸರೋವರ ಅದರ ಉತ್ತರದ ಹೆಬ್ಬಾಗಿಲು. ಗೀಸಾನ್‌ನ ಮುಖ್ಯಠಾಣ್ಯವೇ ಕೆಲಕಾಲ ಇಂಟರ್‌ಲಾಕೆನ್‌ನಲ್ಲಿತ್ತು. ಸರೋವರದ ಎರಡೂ ದಡದ ಬಂಡೆಗಳಲ್ಲಿ ಫಿರಂಗಿ ಸುರಂಗಗಳನ್ನು ಕೊರೆದರು, ಬೆಯಾಟೆನ್‌ಬೆರ್ಗ್ ಮೇಲೊಂದು, ಕ್ರಾಟಿಗೆನ್‌ನಲ್ಲೊಂದು, ಫೌಲೆನ್‌ಸೇಯಲ್ಲೊಂದು.

ಫೌಲೆನ್‌ಸೇ ಕೋಟೆಯನ್ನು 1941ರಲ್ಲಿ ಕೊರೆಯಲು ಹಿಡಿದರು. ಈಗ ವಸ್ತುಸಂಗ್ರಹಾಲಯ, ಸ್ವಯಂಸೇವಕರು ತಿರುಗಾಡಿಸಿ ತೋರಿಸುತ್ತಾರೆ. ಹೊರಗಿನಿಂದ ನೋಡಿದರೆ ಮರದ ಹಲಗೆಯ ಗೋಡೆ, ಇಳಿಜಾರು ಮಾಡು. ಹತ್ತಿರ ಹೋಗಿ ಗೋಡೆಗೆ ಬೆರಳು ಗಂಟಿನಿಂದ ತಟ್ಟಿದೆ. ಮರದ ಸದ್ದಲ್ಲ, ಬೆರಳಿಗೆ ನೋವಾಯಿತು. ಒಳಗೆ ಕಾಲಿಟ್ಟರೆ ಹೆಂಚೂ ಇಲ್ಲ ಹುಲ್ಲೂ ಇಲ್ಲ. ಆಳೆತ್ತರದ ಕಾಂಕ್ರೀಟು, ಅದರ ಸೀಳಿನಲ್ಲಿ 10.5 ಸೆಂಟಿಮೀಟರ್ ಬಾಯಿಯ ಫಿರಂಗಿ. ಇಂಥವು ನಾಲ್ಕು. ಅಲ್ಲಿಂದ ಕೆಳಗೆ ಬೆಟ್ಟದೊಳಕ್ಕೆ ಓಣಿ. ಎರಡಂತಸ್ತಿನ ಮಂಚಗಳ ಸಾಲು, ಅಡುಗೆ ಮನೆಯಲ್ಲಿ ಹಂಡೆ ಗಾತ್ರದ ಪಾತ್ರೆಗಳು, ಡೀಸೆಲ್ ಎಂಜಿನ್ ಕೋಣೆ, ಮದ್ದಿನ ಕೋಣೆ. ಎಲ್ಲಕ್ಕೂ ನಂಬರ್ ಫಲಕ. ನನಗೆ ಇಷ್ಟವಾದದ್ದು ಓಣಿಯ ಪಕ್ಕದ ಸಣ್ಣ ಚರಂಡಿ: ಬಂಡೆಯಿಂದ ಜಿನುಗುವ ನೀರು ಎಲ್ಲೂ ನಿಲ್ಲದೆ ಇವತ್ತೂ ಹರಿದುಹೋಗುತ್ತಿದೆ. ಎಂಬತ್ತು ವರ್ಷ ದಾಟಿದ ಸುರಂಗದಲ್ಲಿ ಕಾಲಿಗೆ ಕೆಸರಿಲ್ಲ ಎಂದರೆ ಓಟ ಕೊಟ್ಟವನ ಕೈ ಚೆನ್ನಾಗಿತ್ತು.

ಈ ಫಿರಂಗಿಯ ಗುಂಡು ಹದಿನೇಳು ಕಿಲೋಮೀಟರ್ ದೂರ ಹೋಗುತ್ತಿತ್ತು. ಅಲ್ಲಿಂದ ಟೂನ್‌ಗೆ ಅಷ್ಟು ದೂರವಿಲ್ಲ. ಹಾಗಾದರೆ ಶತ್ರು ಟೂನ್ ಹೊಕ್ಕರೆ ನಿಮ್ಮ ಪೇಟೆಯ ಮೇಲೇ ಹೊಡೆಯಬೇಕಿತ್ತಲ್ಲ ಎಂದು ಮಗಳ ಮೂಲಕ ಕೇಳಿಸಿದೆ. ತೋರಿಸುತ್ತಿದ್ದ ಮುದುಕರು ಹೌದೆಂದು ತಲೆಯಾಡಿಸಿದರು. ಬೆಟ್ಟದ ಕೋಟೆಯ ಯೋಜನೆಯ ಬಗ್ಗೆ ಅಲ್ಲಿನವರೇ ಈಗಲೂ ವಾದಿಸುವುದು ಇದೇ ವಿಷಯಕ್ಕೆ. ಸೈನಿಕ ಬೆಟ್ಟದೊಳಗೆ ಭದ್ರ. ಅವನ ಹೆಂಡತಿ ಮಕ್ಕಳು, ಬಹುಪಾಲು ಜನ, ಕಾರ್ಖಾನೆಗಳು ಬಯಲಿನಲ್ಲಿ. ಕೋಟೆಯೊಳಗೆ ಊರಿರಬೇಕು, ದುರ್ಗದಲ್ಲಿ ಹಾಗೇ ಇತ್ತು ಎಂದು ನನ್ನ ಮನಸ್ಸು ಹೇಳಿತು. ಆದರೆ ಹಿಟ್ಲರ್ ಬರದೇ ಇದ್ದದ್ದಕ್ಕೆ ಈ ಸುರಂಗಗಳೂ ಒಂದು ಕಾರಣ ಎನ್ನುವವರ ಮಾತನ್ನು ತಳ್ಳಿಹಾಕುವಷ್ಟು ಧೈರ್ಯ ನನಗಿಲ್ಲ. ಅಂತೂ ಒಂದು ಗುಂಡೂ ಶತ್ರುವಿನ ಮೇಲೆ ಹಾರಲಿಲ್ಲ. ಶೀತಲ ಸಮರ ಮುಗಿದ ಮೇಲೆ, 1990ರ ದಶಕದಿಂದ, ಸೈನ್ಯ ಇಂಥವನ್ನು ಮುಚ್ಚುತ್ತ ಬಂತು. ದೇಶದ ಬೇರೆ ಬೇರೆ ಕಡೆ ಕೆಲವದರಲ್ಲಿ ಚೀಸ್ ಹದಗೊಳ್ಳುತ್ತಿದೆ, ಕೆಲವದರಲ್ಲಿ ಕಂಪ್ಯೂಟರ್ ದತ್ತಾಂಶದ ಉಗ್ರಾಣವಿದೆ.

ಫಿರಂಗಿ ಇದ್ದಮೇಲೆ ಗುಂಡು ಬೇಕು, ಗುಂಡಿಗೆ ಉಗ್ರಾಣ ಬೇಕು. ಕಾಂಡರ್ ಹೊಳೆಯನ್ನೇ ಹಿಡಿದು ಮೇಲಕ್ಕೆ ಹೋದರೆ, ಕಾಂಡರ್‌ಸ್ಟೆಗ್‌ಗೆ ಮುನ್ನ, ಬಂಡೆಯ ಬುಡದಲ್ಲಿ ಮಿಟ್‌ಹೋಲ್ಟ್ಸ್ ಎಂಬ ಹಳ್ಳಿ. ಮಹಾಯುದ್ಧದ ವರ್ಷಗಳಲ್ಲಿ ಸೈನ್ಯ ಆ ಬಂಡೆಯಲ್ಲಿ ಸಾಲಾಗಿ ಕೋಣೆಗಳನ್ನು ಕೊರೆದು, ರೈಲು ಹಳಿ ಒಳಗೇ ಬಿಟ್ಟು, 7,000 ಟನ್ ಮದ್ದುಗುಂಡು ತುಂಬಿತು. ಯುದ್ಧ ಮುಗಿಯಿತು. ಎರಡೂವರೆ ವರ್ಷ ಕಳೆಯಿತು. 1947ರ ಡಿಸೆಂಬರ್ 19ರ ರಾತ್ರಿ, ಊರು ಮಲಗಿದ ಹೊತ್ತಿಗೆ, ಉಗ್ರಾಣ ಒಳಗಿಂದೊಳಗೇ ಸಿಡಿಯಿತು. ಸುಮಾರು 3,000 ಟನ್ ಹೊತ್ತಿಕೊಂಡಿತು. ಬಂಡೆಯ ಮುಖ ಕಳಚಿ ಬಿತ್ತು, ಕಲ್ಲು, ಸಿಡಿಯದ ಶೆಲ್ಲು ಕಣಿವೆಯುದ್ದಕ್ಕೂ ಹಾರಿದವು, ರೈಲು ನಿಲ್ದಾಣ ನೆಲಸಮವಾಯಿತು, ಮನೆಗಳು ಸುಟ್ಟವು. 9 ಜನ ಸತ್ತರು. ಮಹಾಯುದ್ಧದುದ್ದಕ್ಕೂ ಶತ್ರುವಿಗೆಂದು ಕಾಯ್ದಿಟ್ಟ ಮದ್ದು ಕೊಂದದ್ದು ಈ ಹಳ್ಳಿಯವರನ್ನು. ಕಾರಣ ತನಿಖೆಯಾಯಿತು: ಗುಂಡಿನ ಮೂತಿಯ ಸಿಡಿಗುಂಡಿಯಲ್ಲಿ ತಾಮ್ರ ಮತ್ತು ರಾಸಾಯನಿಕ ಸೇರಿ ತಾನೇ ಸಿಡಿಯುವ ಲವಣ ಕಟ್ಟಿರಬೇಕು ಎಂಬುದು ತೀರ್ಮಾನ. ಹಳ್ಳಿಯನ್ನು ತಿರುಗಿ ಕಟ್ಟಿದರು, ಅದೇ ಜಾಗದಲ್ಲಿ, ಅದೇ ಬಂಡೆಯ ಕೆಳಗೆ.

ಹೊರಗೆ ಬಿದ್ದ ಸಿಡಿಮದ್ದು ಏನಾಯಿತು? ಸರೋವರಕ್ಕೆ ಬಿತ್ತು. ಟೂನ್ ಸರೋವರಕ್ಕೆ ಬೇಡದ ಮದ್ದುಗುಂಡು ಸುರಿಯುವ ಪದ್ಧತಿ ಮೊದಲನೆಯ ಮಹಾಯುದ್ಧದ ಕೊನೆಯಿಂದಲೂ ಇತ್ತು, 1964ರವರೆಗೆ ನಡೆಯಿತು. ಹಳೆಯದಾದದ್ದು, ಕಾರ್ಖಾನೆಯಲ್ಲಿ ಕೆಟ್ಟದ್ದು, ಮಿಟ್‌ಹೋಲ್ಟ್ಸ್‌ನಲ್ಲಿ ಬಾಚಿದ್ದು, ಎಲ್ಲ ದೋಣಿಗೆ ಹೇರಿ ನಡುನೀರಿಗೆ. ಆ ಕಾಲದ ಲೆಕ್ಕದಲ್ಲಿ ಆಳ ನೀರಿಗಿಂತ ಸುರಕ್ಷಿತ ಉಗ್ರಾಣ ಬೇರೆ ಇರಲಿಲ್ಲ. ಸಾವಿರಗಟ್ಟಲೆ ಟನ್ ಈಗಲೂ 150ರಿಂದ 200 ಮೀಟರ್ ಕೆಳಗೆ ಕೂತಿದೆ. 2024ರಲ್ಲಿ ಸ್ವಿಸ್ ರಕ್ಷಣಾ ಇಲಾಖೆ ಸಾರ್ವಜನಿಕರಿಗೆ ಒಂದು ಸ್ಪರ್ಧೆ ಇಟ್ಟಿತು: ಪರಿಸರಕ್ಕೆ ಹಾನಿಯಾಗದಂತೆ ಇದನ್ನು ಮೇಲೆತ್ತುವ ಉಪಾಯ ಹೇಳಿ, ಬಹುಮಾನದ ಮೊತ್ತ 50,000 ಫ್ರಾಂಕ್. ಮಗಳು ಪತ್ರಿಕೆ ಮುಂದಿಟ್ಟು, "ಅಪ್ಪಾ, ಇಡೀ ಸರ್ವೀಸು ಹೂಳು ತೆಗೆಸಿದ್ದೀಯಲ್ಲ, ನೀನೂ ಒಂದು ಕೈ ನೋಡು" ಎಂದಳು.

ನೋಡಿದೆ. ಮದ್ದುಗುಂಡಿನ ಮೇಲೆ ಎರಡು ಮೀಟರ್‌ವರೆಗೆ ಹೂಳು ಕಟ್ಟಿದೆ. ಕೆಳಗೆ ಕತ್ತಲು, ತಣ್ಣೀರು, ಆಮ್ಲಜನಕ ತೀರ ಕಡಿಮೆ. ಹಾಗಾಗಿ ಉಕ್ಕು ನಿಧಾನವಾಗಿ ತುಕ್ಕು ಹಿಡಿಯುತ್ತಿದೆ. ನೀರಿನ ಪರೀಕ್ಷೆಯಲ್ಲಿ ಇದುವರೆಗೆ ವಿಷ ಸೋರಿದ್ದು ಕಂಡಿಲ್ಲ. ಅಷ್ಟು ಹೂಳು ಸರೋವರಕ್ಕೆ ತಂದು ಹಾಕುವವರಲ್ಲಿ ಮೊದಲಿಗ ಯಾರು? 1714ರಲ್ಲಿ ತಿರುಗಿಸಿದ ಕಾಂಡರ್. ಮೂತಿಯಲ್ಲಿ ಜಲ್ಲಿ ಇಳಿಸಿ ನಯವಾದ ರಾಡಿಯನ್ನು ಆಳಕ್ಕೆ ಹರಡುತ್ತ ಬಂದಿದೆ. ನಾನು ನೌಕರಿಯಲ್ಲಿ ಹೂಳನ್ನು ಬೈಯದ ದಿನವಿಲ್ಲ. ಇಲ್ಲಿ ಮಾತ್ರ ಅದರ ಪರ ವಾದ ಮಾಡಬೇಕಾಯಿತು. ಪಂಪು ಹಾಕಿ ಕಲಕಿದರೆ ರಾಡಿ ಎದ್ದು ನೀರಿನ ಜೀವಿಗಳಿಗೆ ಕುತ್ತು, ಕೈಗೆ ಬಂದ ಶೆಲ್ಲು ಯಾವ ಸ್ಥಿತಿಯಲ್ಲಿದೆಯೋ ದೇವರೇ ಬಲ್ಲ. ಅದು ಇದ್ದಲ್ಲೇ ಇರಲಿ, ವರ್ಷ ವರ್ಷ ನೀರು ಪರೀಕ್ಷಿಸುತ್ತಿರಿ ಎಂಬುದು ನನ್ನ ಷರಾ. ಮೇಲೆತ್ತುವ ಉಪಾಯ ಕೇಳಿದವರಿಗೆ ಎತ್ತಬೇಡಿ ಎಂದು ಬರೆದು ಕಳಿಸುವುದು ಸರಿಯಲ್ಲವೆಂದು ಅರ್ಜಿ ಹಾಕಲಿಲ್ಲ.

ಮಿಟ್‌ಹೋಲ್ಟ್ಸ್‌ನಲ್ಲಿ ಮಾತ್ರ ಹಾಗೆ ಬಿಡುವಂತಿಲ್ಲ. ಕುಸಿದ ಕೋಣೆಗಳಲ್ಲಿ ಇನ್ನೂ ಸುಮಾರು 3,500 ಟನ್ ಮದ್ದುಗುಂಡು ಸಿಕ್ಕಿಕೊಂಡಿದೆ. ಅಪಾಯ ಅಷ್ಟೇನಿಲ್ಲ ಎಂಬ ಹಳೆಯ ಅಂದಾಜಿನ ಮೇಲೆ ದಶಕಗಟ್ಟಲೆ ಜನ ಅಲ್ಲಿ ಮನೆ ಮಾಡಿದರು, ದನ ಕಟ್ಟಿದರು. 2018ರಲ್ಲಿ ಹೊಸ ಪರಿಶೀಲನೆ ಅದನ್ನು ತಲೆಕೆಳಗು ಮಾಡಿತು. 2020ರಲ್ಲಿ ಸುಮಾರು 170 ಜನರ ಆ ಹಳ್ಳಿಗೆ ಸರ್ಕಾರ ತಿಳಿಸಿತು: ಬಂಡೆ ಖಾಲಿ ಮಾಡುವ ಕಾಲಕ್ಕೆ ನೀವು ಹತ್ತು ವರ್ಷವೋ ಹೆಚ್ಚೋ ಊರು ಬಿಟ್ಟಿರಬೇಕು. ನೀರಾವರಿ ಇಲಾಖೆಯವನಿಗೆ ಈ ಮಾತು ಎಷ್ಟು ಭಾರ ಎಂದು ಗೊತ್ತು. ಮುಳುಗಡೆ ನೋಟಿಸು ಹಿಡಿದು ಹಳ್ಳಿಗೆ ಹೋದವರಲ್ಲಿ ನಾನೂ ಒಬ್ಬ. ಅರವತ್ತು ದಾಟಿದ ರೈತನಿಗೆ ಹತ್ತು ವರ್ಷ ಬಿಟ್ಟು ಬಾ ಎಂದರೆ ಬರಬೇಡ ಎಂದಂತೆಯೇ. ಹಲವರು ಮನೆ ಮಾರಿ ಹೊರಟರು.

2023ರಲ್ಲಿ ಸ್ವಿಸ್ ಸಂಸತ್ತು ಈ ಕೆಲಸಕ್ಕೆ 259 ಕೋಟಿ ಫ್ರಾಂಕ್ ಮಂಜೂರು ಮಾಡಿತು. ಮದ್ದು ಹೊರತೆಗೆಯುವುದು 2030ರ ದಶಕದ ಕೆಲಸ. ಅದಕ್ಕೆ ಮೊದಲು ಆಗಬೇಕಾದದ್ದು ಬೇರೆ ಇದೆ. ಕಾಂಡರ್‌ಸ್ಟೆಗ್‌ಗೆ ಹೋಗುವ ಹೆದ್ದಾರಿ, ಇಟಲಿಯ ಕಡೆಗೆ ಹೋಗುವ ರೈಲು ಮಾರ್ಗ ಎರಡೂ ಆ ಬಂಡೆಯ ಮಗ್ಗುಲಲ್ಲೇ ಹಾದುಹೋಗುತ್ತವೆ. ಅಗೆಯುವಾಗ ಏನಾದರೂ ಸಿಡಿದರೆ ಹಾದಿಹೋಕರಿಗೆ ತಗಲದಿರಲೆಂದು ಹಳಿಗೂ ರಸ್ತೆಗೂ ಕಾಂಕ್ರೀಟಿನ ರಕ್ಷಣೆ ಕಟ್ಟುವುದು ಯೋಜನೆಯಲ್ಲಿದೆ. ಈ ಕಣಿವೆಯ ಮುಂದಿನ ಕೋಟೆಗೋಡೆ ಅದು, ಸ್ವಂತ ಮದ್ದಿನ ಮನೆಗೆ ಮುಖ ಮಾಡಿ ನಿಲ್ಲುವಂಥದು.